ವಿಮಾನಗಳ ದಾಖಲೆಗೂ ದೃಢೀಕೃತ ನಕಲು ಸಿಗುವ ವ್ಯವಸ್ಥೆ ಬೇಕು

ಮಾನ್ಯ ಸಂಪಾದಕರೇ,

ಕೋಲ್ಕತ್ತ ವಿಮಾನ ನಿಲ್ದಾಣದ ಒಂದು ಮೂಲೆಯಲ್ಲಿ 2012ರಿಂದ ನಿಂತಲ್ಲೇ ನಿಂತಿದ್ದ ಏರ್ ಇಂಡಿಯಾದ ಹಳೆಯ ಬೋಯಿಂಗ್ 737-200 ವಿಮಾನವೊಂದನ್ನು 2025ರ ನವೆಂಬರಿನಲ್ಲಿ ರಸ್ತೆಯ ಮೇಲೆ ಬೆಂಗಳೂರಿಗೆ ಸಾಗಿಸಿದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ವಿಟಿ-ಇಎಚ್‌ಎಚ್ ಎಂಬ ನೋಂದಣಿ ಗುರುತಿನ ಈ ವಿಮಾನ ಮೊದಲು ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಪ್ರಯಾಣಿಕರನ್ನೂ ಕೊನೆಗಾಲದಲ್ಲಿ ಅಂಚೆಯ ಸರಕನ್ನೂ ಹೊತ್ತು ನಿವೃತ್ತವಾಗಿತ್ತು. ಎರಡು ಸರ್ಕಾರಿ ಸಂಸ್ಥೆಗಳು ಒಂದಾಗಿ, ಆಮೇಲೆ ಒಂದಾದ ಸಂಸ್ಥೆ ಖಾಸಗಿಯವರ ಕೈಗೆ ಹೋಗುವ ಹೊತ್ತಿಗೆ ಅದು ಆಸ್ತಿಯ ಪಟ್ಟಿಗಳಿಂದಲೇ ಜಾರಿಹೋಗಿತ್ತು. ನಿಲ್ದಾಣದವರು ಜಾಗ ತೆರವು ಮಾಡುವಂತೆ ಕೇಳಿದಾಗಲೇ ಇಂಥದೊಂದು ವಿಮಾನ ತಮ್ಮದೆಂದು ಸಂಸ್ಥೆಗೆ ತಿಳಿಯಿತೆಂದೂ, ನಿಲುಗಡೆಯ ಬಾಡಿಗೆಯೇ ಒಂದು ಕೋಟಿ ರೂಪಾಯಿಯ ಸುಮಾರಿಗೆ ಬಂದಿತೆಂದೂ ವರದಿಯಾಯಿತು. ಅದೇ ತಿಂಗಳ 24 ಮತ್ತು 25ರಂದು, ವಿಸ್ತಾರಾ ಸಂಸ್ಥೆಯಿಂದ ವಿಲೀನದಲ್ಲಿ ಬಂದ ಏರ್‌ಬಸ್ ಎ320 ವಿಮಾನವೊಂದು, ವರ್ಷಕ್ಕೊಮ್ಮೆ ನವೀಕರಿಸಬೇಕಾದ ವಾಯುಯೋಗ್ಯತಾ ಪರಿಶೀಲನಾ ಪತ್ರದ ಅವಧಿ ಮುಗಿದಿದ್ದರೂ ಎಂಟು ಬಾರಿ ಪ್ರಯಾಣಿಕರನ್ನು ಹೊತ್ತು ಹಾರಿತು. ಎಂಜಿನ್ ಬದಲಿಸಲು ಅದನ್ನು ನಿಲ್ಲಿಸಿದ್ದಾಗ ಪತ್ರದ ಗಡುವು ಕಳೆದುಹೋಗಿತ್ತು. ಎಂಜಿನ್ ಕೂರಿಸಿದ ಮೇಲೆ ಪತ್ರದ ಕಡೆ ಯಾರೂ ನೋಡಲಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ನಾವೆಲ್ಲ ಕರೆಯುವ ಡಿಜಿಸಿಎ, ಇದರ ತನಿಖೆಗೆ ಆದೇಶಿಸಿತು.

ಮೊದಲ ಸುದ್ದಿಗೆ ಜನ ನಕ್ಕರು, ಎರಡನೆಯದಕ್ಕೆ ಸಿಟ್ಟಾದರು. ವಿಮಾನಗಳನ್ನು ರಿಪೇರಿ ಮಾಡುವ ಹ್ಯಾಂಗರಿನ ಕೆಲಸದಲ್ಲಿ ಬದುಕು ಕಳೆದ ನನಗೆ ಇವೆರಡೂ ಒಂದೇ ರೋಗದ ಲಕ್ಷಣಗಳಾಗಿ ಕಂಡವು. ಈ ದೇಶದಲ್ಲಿ ವಿಮಾನದ ದಾಖಲೆ ಎಂಬುದು ಅದನ್ನು ಹಾರಿಸುವವರ ಕಪಾಟಿನ ಖಾಸಗಿ ವಸ್ತುವಾಗಿಯೇ ಉಳಿದಿದೆ. ಕಪಾಟಿನ ಒಡೆಯ ಬದಲಾದರೆ, ಮರೆತರೆ, ಇಲ್ಲವೇ ಬಾಗಿಲು ಮುಚ್ಚಿ ಹೋದರೆ, ಆ ವಿಮಾನದ ಹಿಂದಿನ ಕಥೆಯನ್ನು ಮತ್ತೆ ಪಡೆಯಲು ಮಾಲೀಕನಿಗಾಗಲಿ, ಕೊಳ್ಳುವವನಿಗಾಗಲಿ, ಅದರ ಯೋಗ್ಯತೆಗೆ ಸಹಿ ಹಾಕಬೇಕಾದ ಎಂಜಿನಿಯರಿಗಾಗಲಿ ನೇರವಾದ ದಾರಿಯಿಲ್ಲ. ಈ ವಿಷಯ ವಿಮಾನ ಹತ್ತುವ ಎಲ್ಲರಿಗೂ ಸಂಬಂಧಿಸಿದ್ದಾದ್ದರಿಂದ ಸ್ವಲ್ಪ ವಿವರವಾಗಿ ಬರೆಯಲು ತಮ್ಮ ಅನುಮತಿ ಕೋರುತ್ತೇನೆ.

ವಿಮಾನದೊಳಗೆ ಸದಾ ಇರಬೇಕಾದ ಕಾಗದಗಳು ಯಾವುವೆಂದು ನಾಗರಿಕ ವಿಮಾನಯಾನದ ಕುರಿತ 1944ರ ಅಂತರರಾಷ್ಟ್ರೀಯ ಷಿಕಾಗೊ ಒಪ್ಪಂದದ 29ನೇ ವಿಧಿ ಹೇಳುತ್ತದೆ. ನೋಂದಣಿ ಪ್ರಮಾಣಪತ್ರ, ವಾಯುಯೋಗ್ಯತಾ ಪ್ರಮಾಣಪತ್ರ, ಸಿಬ್ಬಂದಿಯ ಲೈಸೆನ್ಸುಗಳು, ಪ್ರಯಾಣದ ಲಾಗ್‌ಬುಕ್, ರೇಡಿಯೊ ಇದ್ದರೆ ಅದರ ಪರವಾನಗಿ ಮುಂತಾದವು ಅದರಲ್ಲಿ ಸೇರಿವೆ. ನೋಂದಣಿ ಪತ್ರ ಈ ವಿಮಾನ ಯಾರದು, ಯಾವ ದೇಶದ್ದು ಎಂಬುದನ್ನು ಹೇಳುತ್ತದೆ. ನಮ್ಮ ವಿಮಾನಗಳೆಲ್ಲ ವಿಟಿ ಎಂಬ ಅಕ್ಷರಗಳನ್ನು ಹೊತ್ತಿರುವುದು ಅದರಿಂದಲೇ. ಒಂದೇ ವಿಮಾನವನ್ನು ಏಕಕಾಲಕ್ಕೆ ಎರಡು ದೇಶಗಳಲ್ಲಿ ನೋಂದಾಯಿಸುವಂತಿಲ್ಲ. ವಾಯುಯೋಗ್ಯತಾ ಪತ್ರ, ಹ್ಯಾಂಗರಿನ ಮಾತಿನಲ್ಲಿ ಸಿ ಆಫ್ ಎ, ಈ ಯಂತ್ರ ಮಾನ್ಯತೆ ಪಡೆದ ವಿನ್ಯಾಸಕ್ಕೆ ತಕ್ಕಂತೆ ಇದೆ, ಹಾರಲು ಯೋಗ್ಯವಾಗಿದೆ ಎನ್ನುತ್ತದೆ. ಆ ಯೋಗ್ಯತೆ ಈ ವರ್ಷವೂ ಉಳಿದಿದೆಯೇ ಎಂದು ನೋಡಿ ಕೊಡುವುದು ಮೇಲೆ ಹೇಳಿದ ವಾರ್ಷಿಕ ಪರಿಶೀಲನಾ ಪತ್ರ.

ಈ ಪತ್ರಗಳು ಕಳೆದುಹೋದರೆ, ನೆನೆದು ಹಾಳಾದರೆ ಬದಲಿ ಪ್ರತಿ ಪಡೆಯುವುದು ದೊಡ್ಡ ಸಂಗತಿಯಲ್ಲ. ಕೊಟ್ಟವರ ಕಡತದಲ್ಲಿ ಮೂಲ ವಿವರಗಳೆಲ್ಲ ಇರುತ್ತವೆ. ಕಳೆದದ್ದು ನಿಜವೆಂದು ಬರೆದುಕೊಟ್ಟು, ಹಾಳಾಗಿದ್ದರೆ ಹಾಳಾದದ್ದನ್ನೇ ಒಪ್ಪಿಸಿ, ಶುಲ್ಕ ಕಟ್ಟಿದರೆ ಡಿಜಿಸಿಎ ನಕಲು ಪತ್ರ ಕೊಡುತ್ತದೆ. 2021ರಲ್ಲಿ ಇಜಿಸಿಎ ಎಂಬ ಆನ್‌ಲೈನ್ ವ್ಯವಸ್ಥೆ ಬಂದ ಮೇಲೆ ದೆಹಲಿಯ ಸಫ್ದರ್‌ಜಂಗ್‌ಗೆ ಕಡತ ಹೊತ್ತು ಹೋಗುವ ಕಷ್ಟವೂ ಬಹಳ ಕಡಿಮೆಯಾಗಿದೆ. ಇದನ್ನು ಮೆಚ್ಚಲೇಬೇಕು.

ನನ್ನ ಚಿಂತೆ ಆ ಪತ್ರಗಳ ಹಿಂದೆ ಇರುವ ದಾಖಲೆಗಳದ್ದು. ವಾಯುಯೋಗ್ಯತಾ ಪತ್ರಕ್ಕೆ ಬೆಲೆ ಬರುವುದು ಲಾಗ್‌ಬುಕ್‌ಗಳಿಂದ. ವಿಮಾನದ ದೇಹಕ್ಕೊಂದು, ಪ್ರತಿ ಎಂಜಿನ್ನಿಗೊಂದು, ಪ್ರೊಪೆಲ್ಲರ್ ಇದ್ದರೆ ಅದಕ್ಕೊಂದು ಲಾಗ್‌ಬುಕ್ ಇರುತ್ತದೆ. ಎಷ್ಟು ಗಂಟೆ ಹಾರಿತು, ಎಷ್ಟು ಬಾರಿ ಇಳಿಯಿತು, ಯಾವಾಗ ಓವರ್‌ಹಾಲ್ ಆಯಿತು, ಯಾವ ಭಾಗವನ್ನು ತೆಗೆದು ಯಾವುದನ್ನು ಹಾಕಿದರು, ತಯಾರಕರೂ ನಿಯಂತ್ರಕರೂ ಕಾಲಕಾಲಕ್ಕೆ ಹೊರಡಿಸುವ ಸುರಕ್ಷತಾ ಆದೇಶಗಳಲ್ಲಿ ಯಾವುದನ್ನು ಎಂದು, ಯಾವ ರೀತಿಯಲ್ಲಿ ಪಾಲಿಸಿದರು, ಒಮ್ಮೆ ನೆಲಕ್ಕೆ ಬಡಿದಿದ್ದರೆ ರೆಕ್ಕೆಯ ದೂಲವನ್ನು ಹೇಗೆ ಸರಿಪಡಿಸಿದರು ಎಂಬುದೆಲ್ಲ ಅಲ್ಲಿರುತ್ತದೆ. ಜೆಟ್ ಎಂಜಿನ್ನಿನ ಟರ್ಬೈನ್ ಡಿಸ್ಕ್‌ನಂಥ ಕೆಲವು ಭಾಗಗಳಿಗೆ ಇಷ್ಟೇ ಬಾರಿ ಹಾರಬೇಕು ಎಂಬ ಆಯುಸ್ಸು ನಿಗದಿಯಾಗಿರುತ್ತದೆ. ಅದು ಮುಗಿದ ಮೇಲೆ ನೋಡಲು ಎಷ್ಟೇ ಚೆನ್ನಾಗಿರಲಿ, ತೆಗೆದು ಬಿಸಾಡಲೇಬೇಕು. ಆ ಡಿಸ್ಕ್ ಕಾರ್ಖಾನೆಯಿಂದ ಹೊರಬಿದ್ದ ದಿನದಿಂದ ಇಂದಿನವರೆಗೆ ಯಾವ ಯಾವ ಎಂಜಿನ್ನಿನಲ್ಲಿ ಎಷ್ಟು ತಿರುಗಿತು ಎಂಬುದಕ್ಕೆ ಮಧ್ಯೆ ಕೊಂಡಿ ಕಳಚದ ಕಾಗದ ಬೇಕು. ಬ್ಯಾಕ್ ಟು ಬರ್ತ್ ಎಂದು ನಾವು ಕರೆಯುವ ಆ ಸರಪಳಿಯಲ್ಲಿ ಒಂದು ಕೊಂಡಿ ಸಿಗದಿದ್ದರೆ, ಲಕ್ಷಾಂತರ ರೂಪಾಯಿಯ ಭಾಗ ಗುಜರಿಗೆ ಹೋಗುತ್ತದೆ. ಹೋಗಲೇಬೇಕು ಕೂಡ. ಡಿಸ್ಕ್ ಒಡೆದರೆ ಎಂಜಿನ್ನಿನ ಕವಚ ಅದನ್ನು ತಡೆಯುವುದಿಲ್ಲ.

ಕಾಗದವನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ 2023ರಲ್ಲಿ ಲಂಡನ್ನಿನಲ್ಲಿ ಬಯಲಾದ ಪ್ರಕರಣವೊಂದು ಸಾಕ್ಷಿ. ಎಒಜಿ ಟೆಕ್ನಿಕ್ಸ್ ಎಂಬ ಬಿಡಿಭಾಗಗಳ ವ್ಯಾಪಾರದ ಕಂಪನಿ ಭಾಗ ಬಳಕೆಗೆ ಯೋಗ್ಯ ಎಂದು ಹೇಳುವ ಬಿಡುಗಡೆ ಪತ್ರಗಳನ್ನು ಸುಳ್ಳಾಗಿ ಸೃಷ್ಟಿಸಿ, ಜೋಡಿಸಿ ಭಾಗಗಳನ್ನು ಮಾರಿತ್ತು. ಬೋಯಿಂಗ್ 737 ಮತ್ತು ಏರ್‌ಬಸ್ ಎ320 ವಿಮಾನಗಳಲ್ಲಿ ಜಗತ್ತಿನಾದ್ಯಂತ ಓಡುವ ಸಿಎಫ್‌ಎಂ56 ಎಂಜಿನ್ನುಗಳ ಪೈಕಿ ನೂರಕ್ಕೂ ಹೆಚ್ಚಿನವುಗಳೊಳಗೆ ಅಂಥ ಭಾಗಗಳು ಹೊಕ್ಕಿದ್ದವು. ಹಲವು ದೇಶಗಳ ವಿಮಾನ ಸಂಸ್ಥೆಗಳು ಎಂಜಿನ್ ಬಿಚ್ಚಿ ಹುಡುಕಬೇಕಾಯಿತು. ಅನುಮಾನ ಬಂದದ್ದು ಒಂದು ಭಾಗದ ಕಾಗದವನ್ನು ಅದನ್ನು ತಯಾರಿಸಿದವರಿಗೇ ಕಳುಹಿಸಿ, ಇದು ನಿಮ್ಮದೇ ಎಂದು ವಿಚಾರಿಸಿದ್ದರಿಂದ. ಹಾಗೆ ಕೇಳುವುದಕ್ಕೆ ಒಂದು ಮೂಲ ಇದ್ದದ್ದರಿಂದ ಕಳ್ಳತನ ಸಿಕ್ಕಿಬಿತ್ತು.

ನಮ್ಮಲ್ಲಿ ಅರ್ಧ ಎಕರೆ ಜಮೀನು ಕೊಳ್ಳುವ ರೈತ ಮೊದಲು ಮಾಡುವ ಕೆಲಸ ಪಹಣಿ ತೆಗೆಸುವುದು, ಆಮೇಲೆ ಉಪನೋಂದಣಾಧಿಕಾರಿಯ ಕಚೇರಿಯಿಂದ ಋಣಭಾರ ಪತ್ರ ತರುವುದು. ಭೂಮಿ ಯೋಜನೆ ಬಂದ ಮೇಲೆ ಆ ಜಮೀನಿಗೆ ಸಂಬಂಧವೇ ಇಲ್ಲದವನೂ ಸರ್ವೆ ನಂಬರ್ ಹೇಳಿ ಪಹಣಿ ಪಡೆಯಬಹುದು. ಸೆಸ್ನಾದಂಥ ಹಳೆಯ ಸಣ್ಣ ವಿಮಾನ ಕೊಳ್ಳಲು ಹೊರಟವನಿಗೆ ಇಂಥ ಕಿಟಕಿ ಬೇಡವೇ? ನೋಂದಾಯಿತ ವಿಮಾನಗಳ ಪಟ್ಟಿಯನ್ನು ಡಿಜಿಸಿಎ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತ ಬಂದಿದೆ, ನಿಜ. ಅದರಿಂದ ಇಂದಿನ ಮಾಲೀಕ ಯಾರೆಂದು ತಿಳಿಯುತ್ತದೆ. ಹಿಂದೆ ಎಷ್ಟು ಕೈ ಬದಲಾಯಿತು, ಯಾವ ವರ್ಷ ಯಾವ ದೊಡ್ಡ ರಿಪೇರಿಗೆ ಒಪ್ಪಿಗೆ ಕೊಟ್ಟರು, ವಾಯುಯೋಗ್ಯತಾ ಪತ್ರವನ್ನು ಎಂದಾದರೂ ತಡೆಹಿಡಿದಿದ್ದರೇ ಎಂಬುದು ಅದರಿಂದ ತಿಳಿಯುವುದಿಲ್ಲ.

ಅಮೆರಿಕದಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಓದುಗರು ತಿಳಿಯಬೇಕು. ಒಕ್ಲಹೋಮ ನಗರದಲ್ಲಿರುವ ಅವರ ನೋಂದಣಿ ಕಚೇರಿ ಪ್ರತಿ ವಿಮಾನಕ್ಕೂ ಒಂದು ಕಡತ ಇಟ್ಟಿರುತ್ತದೆ. ಒಂದು ಭಾಗದಲ್ಲಿ ಮಾರಾಟದ ಪತ್ರಗಳೂ ಸಾಲದ ಹಕ್ಕುಗಳೂ, ಇನ್ನೊಂದು ಭಾಗದಲ್ಲಿ ವಾಯುಯೋಗ್ಯತಾ ಪತ್ರದ ಅರ್ಜಿಗಳೂ ದೊಡ್ಡ ರಿಪೇರಿ, ಮಾರ್ಪಾಡುಗಳನ್ನು ದಾಖಲಿಸುವ 337ನೇ ನಮೂನೆಗಳೂ ಇರುತ್ತವೆ. ವಿಮಾನದ ನೋಂದಣಿ ಸಂಖ್ಯೆ, ತಯಾರಕರ ಸರಣಿ ಸಂಖ್ಯೆ ಹೇಳಿ ಅಲ್ಪ ಶುಲ್ಕ ಕಟ್ಟಿದರೆ ಇಡೀ ಕಡತದ ನಕಲು ಯಾರಿಗೆ ಬೇಕಾದರೂ ಸಿಗುತ್ತದೆ. ನ್ಯಾಯಾಲಯಕ್ಕೆ ಬೇಕಿದ್ದರೆ ದೃಢೀಕರಿಸಿಯೂ ಕೊಡುತ್ತಾರೆ. ಕಳೆದುಹೋದ ನೋಂದಣಿ ಪತ್ರಕ್ಕೆ ಅದೇ ಕಚೇರಿ ಬದಲಿ ಕೊಡುತ್ತದೆ. ವಾಯುಯೋಗ್ಯತಾ ಪತ್ರಕ್ಕಾದರೆ ಮಾಲೀಕ ತನ್ನ ಸಮೀಪದ ಕ್ಷೇತ್ರ ಕಚೇರಿಗೆ ಹೋಗುತ್ತಾನೆ. ಬ್ರಿಟನ್ನಿನವರಂತೂ 1919ರಿಂದೀಚಿನ ತಮ್ಮ ರಿಜಿಸ್ಟರಿನ ಹಳೆಯ ಪುಟಗಳನ್ನೇ ಚಿತ್ರ ತೆಗೆದು ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಮಾಲೀಕರ ಖಾಸಗಿತನದ ಪ್ರಶ್ನೆ ಅಲ್ಲಿಯೂ ಎದ್ದಿದೆ. 2024ರಲ್ಲಿ ಅಮೆರಿಕ ಮಾಡಿದ ಕಾನೂನಿನ ಪ್ರಕಾರ ಮಾಲೀಕರು ಕೇಳಿಕೊಂಡರೆ ಹೆಸರು, ವಿಳಾಸಗಳನ್ನು ಸಾರ್ವಜನಿಕರ ಕಣ್ಣಿನಿಂದ ಮರೆಮಾಡಬಹುದು. ಅದು ನ್ಯಾಯವೇ. ಮನುಷ್ಯನ ವಿಳಾಸವನ್ನು ಮುಚ್ಚಿಟ್ಟುಕೊಂಡೇ ಯಂತ್ರದ ಚರಿತ್ರೆಯನ್ನು ತೆರೆದಿಡಲು ಸಾಧ್ಯ.

ಲಾಗ್‌ಬುಕ್‌ಗಳೇ ನಾಶವಾದರೆ ಏನು ಮಾಡಬೇಕು ಎಂಬುದಕ್ಕೂ ಅಮೆರಿಕದಲ್ಲಿ ಬರೆದಿಟ್ಟ ಮಾರ್ಗದರ್ಶನವಿದೆ. ಬೇರೆ ದಾಖಲೆಗಳಲ್ಲಿ ಸಿಗುವ ಹಾರಾಟದ ಗಂಟೆಗಳು, ರಿಪೇರಿ ಮಾಡಿದ ಕಾರ್ಖಾನೆಗಳ ಪುಸ್ತಕಗಳು, ಕೆಲಸ ಮಾಡಿದ ಮೆಕ್ಯಾನಿಕ್‌ಗಳು ತಾವೇ ಇಟ್ಟುಕೊಂಡ ಟಿಪ್ಪಣಿಗಳು, ಇವನ್ನೆಲ್ಲ ಕೂಡಿಸಿ ಒಟ್ಟು ಗಂಟೆಗಳನ್ನು ಲೆಕ್ಕ ಹಾಕಬೇಕು. ಆಗಲೂ ಪೂರ್ತಿಯಾಗದಿದ್ದರೆ, ಹೇಗೆ ಕಳೆಯಿತು, ಯಾವ ಆಧಾರದ ಮೇಲೆ ಈ ಅಂದಾಜು ಎಂದು ಮಾಲೀಕ ನೋಟರಿಯ ಮುಂದೆ ಪ್ರಮಾಣ ಮಾಡಿ ಹೊಸ ಪುಸ್ತಕದಲ್ಲಿ ಬರೆಯಬೇಕು. ಸುರಕ್ಷತಾ ಆದೇಶಗಳ ಪಾಲನೆಯನ್ನು ಮಾತ್ರ ಮಾತಿನ ಮೇಲೆ ಒಪ್ಪುವುದಿಲ್ಲ. ಭಾಗಗಳನ್ನು ಬಿಚ್ಚಿ ನೋಡಿ ಖಚಿತಪಡಿಸಿಕೊಳ್ಳಬೇಕು.

ನಮ್ಮ ಊರಿಗೂ ಈ ಮಾತಿಗೂ ನೇರ ಸಂಬಂಧವಿದೆ. 1958ರಲ್ಲಿ ಮೊದಲು ಹಾರಿದ ಪುಷ್ಪಕ್ ವಿಮಾನವನ್ನು ಎಚ್‌ಎಎಲ್ ಬೆಂಗಳೂರಿನಲ್ಲಿ ತಯಾರಿಸಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಕೊಟ್ಟಿತು. ಬಟ್ಟೆ ಹೊದಿಸಿದ ಮೈ, ಅಕ್ಕಪಕ್ಕ ಎರಡು ಆಸನ, ತೊಂಬತ್ತು ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ನನ್ನ ತಲೆಮಾರಿನ ಎಷ್ಟೋ ಪೈಲಟ್‌ಗಳು ಅಕ್ಷರ ಕಲಿತದ್ದು ಅದರಲ್ಲಿಯೇ. ಕ್ಲಬ್ಬುಗಳು ಒಂದೊಂದಾಗಿ ಸೊರಗಿದಾಗ ವಿಮಾನಗಳು ಶೆಡ್ಡಿನಲ್ಲಿ ಉಳಿದವು, ಪುಸ್ತಕಗಳು ಟ್ರಂಕುಗಳಲ್ಲಿ ಉಳಿದವು. ಅಂಥ ಒಂದು ಕ್ಲಬ್ಬಿನ ವಿಮಾನವನ್ನು ಮತ್ತೆ ಹಾರಿಸಬೇಕೆಂದು ಹೊರಟ ಉತ್ಸಾಹಿಗಳ ಜೊತೆ ನಾನೂ ಒಮ್ಮೆ ಓಡಾಡಿದ್ದೆ. ವಿಮಾನದ ಉಕ್ಕಿನ ಕೊಳವೆಗಳ ಚೌಕಟ್ಟು ಚೆನ್ನಾಗಿತ್ತು, ಎಂಜಿನ್ ಕೂಡ ಉಳಿಸಬಹುದಾಗಿತ್ತು. ಲಾಗ್‌ಬುಕ್‌ಗಳನ್ನು ಮಾತ್ರ ಗೆದ್ದಲು ತಿಂದಿತ್ತು. ಸಂಬಂಧಪಟ್ಟ ಕಚೇರಿಯ ಹಳೆಯ ಕಡತದಲ್ಲಿ ಪ್ರತಿ ವರ್ಷ ವಾಯುಯೋಗ್ಯತಾ ಪತ್ರದ ನವೀಕರಣಕ್ಕೆ ಸಲ್ಲಿಸಿದ ಗಂಟೆಗಳ ಲೆಕ್ಕ ಇರಲೇಬೇಕಿತ್ತು. ಅದರ ನಕಲು ಕೇಳಿದಾಗ, ಕೊಡುವುದಿಲ್ಲ ಎಂದು ಯಾರೂ ಹೇಳಲಿಲ್ಲ, ಕೊಡಲೂ ಇಲ್ಲ. ಯಾವ ಅರ್ಜಿ, ಯಾವ ಶುಲ್ಕ, ಯಾರ ಸಹಿ ಎಂಬುದೇ ಅಲ್ಲಿದ್ದವರಿಗೆ ಸ್ಪಷ್ಟವಿರಲಿಲ್ಲ. ಕೊನೆಗೆ ಆ ವಿಮಾನದಲ್ಲಿ ಕಲಿತ ಹಳೆಯ ವಿದ್ಯಾರ್ಥಿಗಳ ಸ್ವಂತ ಲಾಗ್‌ಬುಕ್‌ಗಳನ್ನು ಹುಡುಕಲು ಶುರುಮಾಡಿದೆವು. ಪೈಲಟ್ ತಾನು ಹಾರಿಸಿದ ಪ್ರತಿ ವಿಮಾನದ ಗುರುತನ್ನೂ ಸಮಯವನ್ನೂ ಬರೆದಿಡುತ್ತಾನಲ್ಲ, ಆ ಆಸೆಯಿಂದ. ಒಂದಷ್ಟು ಸಿಕ್ಕವು. ಆದರೆ ಅಷ್ಟರಿಂದ ಯಾವ ಎಂಜಿನಿಯರೂ ಸಹಿ ಹಾಕುವ ಹಾಗಿರಲಿಲ್ಲ. ನಾನೇ ಆಗಿದ್ದರೂ ಹಾಕುತ್ತಿರಲಿಲ್ಲ.

ದೊಡ್ಡವರ ವಿಷಯದಲ್ಲಿ ಸರ್ಕಾರ ಚುರುಕಾಗಿಯೇ ಇದೆ. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಸಂಸ್ಥೆ ದಿವಾಳಿ ಅರ್ಜಿ ಹಾಕಿದಾಗ ಅದಕ್ಕೆ ವಿಮಾನಗಳನ್ನು ಬಾಡಿಗೆಗೆ ಕೊಟ್ಟಿದ್ದ ವಿದೇಶಿ ಕಂಪನಿಗಳು ದೆಹಲಿ ಹೈಕೋರ್ಟಿಗೆ ಹೋದವು. ವಿಮಾನಗಳ ಜೊತೆ ಅವುಗಳ ದಾಖಲೆಗಳನ್ನೂ ಒಪ್ಪಿಸಬೇಕೆಂಬುದು ಆ ವ್ಯಾಜ್ಯದ ಮುಖ್ಯ ಬೇಡಿಕೆಗಳಲ್ಲೊಂದು, ಏಕೆಂದರೆ ದಾಖಲೆಯಿಲ್ಲದ ವಿಮಾನವನ್ನು ಮತ್ತೊಬ್ಬರಿಗೆ ಬಾಡಿಗೆಗೆ ಕೊಡಲಾಗುವುದಿಲ್ಲ. 2024ರ ಏಪ್ರಿಲ್ 26ರಂದು ನ್ಯಾಯಾಲಯ 54 ವಿಮಾನಗಳ ನೋಂದಣಿಯನ್ನು ಐದು ಕೆಲಸದ ದಿನಗಳಲ್ಲಿ ರದ್ದುಪಡಿಸುವಂತೆ ಡಿಜಿಸಿಎಗೆ ಆದೇಶಿಸಿತು. ಈ ಅನುಭವದ ಬೆನ್ನಲ್ಲೇ, 2008ರಲ್ಲಿ ಭಾರತ ಸೇರಿದ್ದ, ವಿಮಾನಗಳಿಗೆ ಸಾಲ ಕೊಟ್ಟವರ ಹಾಗೂ ಅವನ್ನು ಬಾಡಿಗೆಗೆ ಕೊಟ್ಟವರ ಹಕ್ಕು ಕಾಯುವ ಕೇಪ್‌ಟೌನ್ ಒಪ್ಪಂದಕ್ಕೆ ಪೂರ್ಣ ಕಾನೂನಿನ ಬಲ ಕೊಡುವ ಮಸೂದೆಯನ್ನು 2025ರಲ್ಲಿ ಸಂಸತ್ತು ಅಂಗೀಕರಿಸಿತು. ಒಪ್ಪಂದದಡಿ ನಡೆಯುವ ಅಂತರರಾಷ್ಟ್ರೀಯ ರಿಜಿಸ್ಟರ್ ಐರ್ಲೆಂಡಿನಲ್ಲಿದೆ. ಶುಲ್ಕ ಕಟ್ಟಿ ಯಾರು ಬೇಕಾದರೂ ಒಂದು ವಿಮಾನದ ಮೇಲೆ ಯಾರ ಯಾರ ಹಕ್ಕಿದೆ ಎಂದು ಕುಳಿತಲ್ಲೇ ನೋಡಬಹುದು. ಆದರೆ ಅದು ಸಿಬ್ಬಂದಿ ಸೇರಿ ಕನಿಷ್ಠ ಎಂಟು ಜನರನ್ನು ಅಥವಾ 2750 ಕಿಲೋಗ್ರಾಂಗಿಂತ ಹೆಚ್ಚು ಸರಕನ್ನು ಹೊರಬಲ್ಲ ವಿಮಾನಗಳಿಗೆ ಮಾತ್ರ. ತರಬೇತಿ ಶಾಲೆಯ ಸೆಸ್ನಾ 152, 172, ಕ್ಲಬ್ಬಿನ ಪುಷ್ಪಕ್, ಉತ್ಸಾಹಿಗಳ ಎರಡಾಸನದ ವಿಮಾನ ಇವೆಲ್ಲ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಪೈಲಟ್ ಆಗಬೇಕೆಂದು ಸಾಲ ಮಾಡಿ ಬರುವ ನಮ್ಮ ಮಕ್ಕಳು ಮೊದಲು ಕೂರುವುದು ಈ ಸಣ್ಣ ವಿಮಾನಗಳಲ್ಲಿ, ಅದೂ ಹಲವು ಬಾರಿ ಎರಡು ಮೂರು ಕೈ ದಾಟಿ ಬಂದವುಗಳಲ್ಲಿ.

ಮಾಹಿತಿ ಹಕ್ಕು ಕಾಯ್ದೆ ಇದೆಯಲ್ಲ ಎಂದು ಕೆಲವರು ಹೇಳಬಹುದು. ಹತ್ತು ರೂಪಾಯಿ ಶುಲ್ಕ, ಪುಟಕ್ಕೆ ಎರಡು ರೂಪಾಯಿ, ಮೂವತ್ತು ದಿನದ ಗಡುವು, ಕೇಳಲು ಚೆನ್ನಾಗಿದೆ. ಆದರೆ ಆ ಕಾಯ್ದೆ ಅಧಿಕಾರಿಗಳ ನಡವಳಿಕೆಯನ್ನು ಪ್ರಶ್ನಿಸಲು ಹುಟ್ಟಿದ್ದು, ದಿನನಿತ್ಯದ ವ್ಯವಹಾರಕ್ಕೆ ಬೇಕಾದ ದಾಖಲೆ ಪಡೆಯಲು ಅಲ್ಲ. ವಾಣಿಜ್ಯ ಗೋಪ್ಯತೆ ಎಂಬ ವಿನಾಯಿತಿ ಅದರಲ್ಲಿ ಮೊದಲಿನಿಂದಲೂ ಇದೆ. ವೈಯಕ್ತಿಕ ಮಾಹಿತಿಯ ವಿನಾಯಿತಿಯನ್ನು ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿದ್ದುಪಡಿ ಈಗ ಇನ್ನಷ್ಟು ಅಗಲ ಮಾಡಿದೆ. ಹಿಂದಿನ ಮಾಲೀಕನ ಹೆಸರಿರುವ ಪುಟವನ್ನು ಕೊಡದಿರಲು ಅಷ್ಟು ಸಾಕು. ತನ್ನದೇ ವಿಮಾನದ ಹಳೆಯ ರಿಪೇರಿಯ ವಿವರಕ್ಕೆ ಮಾಲೀಕ ಮೇಲ್ಮನವಿ, ಎರಡನೇ ಮೇಲ್ಮನವಿ ಎಂದು ಅಲೆಯುವುದು ಯಾವ ನ್ಯಾಯ?

ಇನ್ನೊಂದು ಸಂಗತಿ ಹೊರಗಿನವರಿಗೆ ಆಶ್ಚರ್ಯವೆನಿಸಬಹುದು. ವಾಣಿಜ್ಯ ವಿಮಾನ ಸಂಸ್ಥೆಗಳು ಒಟ್ಟು ಹಾರಾಟದ ಗಂಟೆ, ಸುರಕ್ಷತಾ ಆದೇಶಗಳ ಪಾಲನೆ ಮುಂತಾದ ಮೂಲ ದಾಖಲೆಗಳನ್ನು ಎಷ್ಟು ಕಾಲ ಇಡಬೇಕು ಎಂಬುದಕ್ಕೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ ಆರನೇ ಅನುಬಂಧ ಹೇಳುವ ಕನಿಷ್ಠ ಅವಧಿ, ಆ ವಿಮಾನ ಅಥವಾ ಭಾಗ ಸೇವೆಯಿಂದ ಶಾಶ್ವತವಾಗಿ ಹೊರಹೋದ ಮೇಲೆ 90 ದಿನ. ಮಾಲೀಕತ್ವ ಬದಲಾದರೆ ದಾಖಲೆಗಳನ್ನು ಹೊಸಬರಿಗೆ ಒಪ್ಪಿಸಬೇಕೆಂದೂ ಅದು ಹೇಳುತ್ತದೆ. ಆದರೆ ಸಂಸ್ಥೆಯೇ ಮುಳುಗಿ, ಸಂಬಳವಿಲ್ಲದೆ ದಾಖಲೆ ವಿಭಾಗದ ಗುಮಾಸ್ತರು ಮನೆಗೆ ಹೋದ ಮೇಲೆ ಒಪ್ಪಿಸುವವರು ಯಾರು? ಕೀಲಿಕೈ ದಿವಾಳಿ ವ್ಯವಹಾರ ನೋಡಲು ನೇಮಕವಾದ ವೃತ್ತಿಪರರ ಬಳಿ ಇರುತ್ತದೆ. ಅವರಿಗೆ ಕುರ್ಚಿ, ಮೇಜು, ಲಾಗ್‌ಬುಕ್ ಎಲ್ಲವೂ ಒಂದೇ ಪಟ್ಟಿಯ ಬಾಬತ್ತುಗಳು.

1934ರ ವಿಮಾನ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಅದರಡಿ ಹಳೆಯ ನಿಯಮಗಳನ್ನು ಒಂದೊಂದಾಗಿ ಹೊಸದಾಗಿ ಬರೆಯಬೇಕಾದ ಕಾಲವಿದು. ಆ ಸಂದರ್ಭದಲ್ಲಿ ಡಿಜಿಸಿಎ ಬಳಿ ಈಗಾಗಲೇ ಇರುವ ಪ್ರತಿ ವಿಮಾನದ ನೋಂದಣಿ ಕಡತದಿಂದಲೂ ವಾಯುಯೋಗ್ಯತಾ ಕಡತದಿಂದಲೂ ದೃಢೀಕೃತ ನಕಲು ಪಡೆಯುವ ಹಕ್ಕನ್ನು ಮಾಲೀಕನಿಗೂ, ಅವನ ಒಪ್ಪಿಗೆ ತಂದ ಖರೀದಿದಾರನಿಗೂ, ನಿರ್ವಹಣೆಯ ಹೊಣೆ ಹೊತ್ತ ಎಂಜಿನಿಯರಿಗೂ ನಿಯಮದಲ್ಲಿಯೇ ಬರೆಯಬೇಕು; ಶುಲ್ಕವನ್ನೂ ಗಡುವನ್ನೂ ಅಲ್ಲಿಯೇ ಹೇಳಬೇಕು. ವಿಮಾನ ಬಾಡಿಗೆಗೆ ಕೊಟ್ಟ ಕಂಪನಿಗಾಗಿ ಐದು ಕೆಲಸದ ದಿನಗಳಲ್ಲಿ ನೋಂದಣಿ ರದ್ದು ಮಾಡಬಲ್ಲ ಇಲಾಖೆ, ಸಣ್ಣ ಮಾಲೀಕನಿಗೆ ಒಂದು ತಿಂಗಳ ಮಾತನ್ನಾದರೂ ಕೊಡಬಹುದು. ಲಾಗ್‌ಬುಕ್ ಕಳೆದಾಗ ಯಾವ ಪುರಾವೆಗಳನ್ನು ಒಪ್ಪುತ್ತೇವೆ, ಯಾವುದನ್ನು ಬಿಚ್ಚಿ ನೋಡಿಯೇ ಒಪ್ಪುತ್ತೇವೆ ಎಂಬ ಮಾರ್ಗದರ್ಶನವನ್ನು ಎಲ್ಲರೂ ಓದುವಂತೆ ಪ್ರಕಟಿಸಬೇಕು. ಒಂದು ಸಂಸ್ಥೆ ಬಾಗಿಲು ಮುಚ್ಚಿದರೆ ಅದರ ವಿಮಾನಗಳ ದಾಖಲೆಗಳು ನಿಗದಿತ ದಿನದೊಳಗೆ ಡಿಜಿಸಿಎ ವಶಕ್ಕೆ ಬರುವಂತಾಗಬೇಕು. ಇದಕ್ಕೆ ಗೋದಾಮು ಎಲ್ಲಿದೆ ಎಂಬ ಪ್ರಶ್ನೆ ಸಹಜ. ಸ್ಕ್ಯಾನ್ ಮಾಡಿದ ಪುಟಗಳಿಗೆ ಗೋದಾಮು ಬೇಕಿಲ್ಲ, ಇಜಿಸಿಎ ವ್ಯವಸ್ಥೆಯಲ್ಲಿಯೇ ಅವುಗಳಿಗೆ ಜಾಗ ಮಾಡಬಹುದು.

ದೆಹಲಿ ತನ್ನ ವೇಗದಲ್ಲಿ ನಡೆಯಲಿ, ನಮ್ಮ ರಾಜ್ಯ ಸರ್ಕಾರ ಕಾಯಬೇಕಾಗಿಲ್ಲ. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಯುವಜನ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ ಸೇರಿದ್ದು. 1940ರ ದಶಕದ ಕೊನೆಯಿಂದ ಅಲ್ಲಿ ಹಾರಿದ ವಿಮಾನಗಳ ಲಾಗ್‌ಬುಕ್‌ಗಳು, ಹಾರಾಟದ ರಿಜಿಸ್ಟರುಗಳು, ರಿಪೇರಿಯ ಕಡತಗಳಲ್ಲಿ ಉಳಿದಿರುವಷ್ಟನ್ನು ಇಲಾಖೆ ಮೊದಲು ಪಟ್ಟಿ ಮಾಡಿ, ಸ್ಕ್ಯಾನ್ ಮಾಡಿಸಿ, ಕೇಳಿದವರಿಗೆ ನಕಲು ಕೊಡುವ ಏರ್ಪಾಡು ಮಾಡಲಿ. ಈ ಕೆಲಸಕ್ಕೆ ಹಳೆಯ ಪುಸ್ತಕಗಳ ಕೈಬರಹವನ್ನೂ ಸಂಕ್ಷೇಪಗಳನ್ನೂ ಓದಬಲ್ಲವರು ಬೇಕಾಗುತ್ತಾರೆ. ನನ್ನಂಥ ನಿವೃತ್ತ ಎಂಜಿನಿಯರುಗಳು ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದೇವೆ; ಕರೆದರೆ ಸಂಬಳ ಕೇಳದೆ ಬಂದು ಕೂರುತ್ತೇವೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ವಿಮಾನ ನಿರ್ವಹಣಾ ಎಂಜಿನಿಯರ್,
ವಿಮಾನಪುರ, ಬೆಂಗಳೂರು